ಕೈಗುಣ ಮತ್ತು ಕಣ್ಣಳತೆ

ಹೆರಿಗೆ ಸುಸೂತ್ರವಾದರೆ "ಡಾಕ್ಟರ್ ಕೈಗುಣ ಚಲೋ ಐತಿ" ಎನ್ನುವುದು, ಆಗದಿದ್ದರೆ ಹಣೆಬರಹವನ್ನು ಹಳಿಯುವುದು ನಮ್ಮ ಬೆಳಗಾವಿ, ವಿಜಯಪುರ ಕಡೆಯ ರೂಢಿ. ಕೈಗುಣದ ಈ ಮಾತು ನನ್ನ ಸಹನೆ ಕೆಡಿಸುತ್ತದೆ. ಹೆರಿಗೆಯ ನಂತರದ ರಕ್ತಸ್ರಾವ ಒಂದು ಜೋಡಿ ಕೈಗೆ ನಿಲ್ಲುವಂಥದ್ದಲ್ಲ.

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಾಸು ಕಳಚಿದಾಗ ಬಾಯ್ದೆರೆಯುವ ರಕ್ತನಾಳಗಳನ್ನು ಮುಖ್ಯವಾಗಿ ಮುಚ್ಚುವುದು ಗರ್ಭಕೋಶದ ಸ್ನಾಯು. ಇಳಕಲ್ಲಿನ ಮಗ್ಗದ ಹಾಸುಹೊಕ್ಕಿನಂತೆ ಹೆಣೆದುಕೊಂಡ ಅದರ ಎಳೆಗಳ ನಡುವೆಯೇ ನಾಳಗಳು ಹಾದುಬರುವುದರಿಂದ, ಸ್ನಾಯು ಕುಗ್ಗಿದೊಡನೆ ಅವು ಲಾಡಿ ಎಳೆದ ಚೀಲದ ಬಾಯಿಯಂತೆ ಬಿಗಿದುಕೊಳ್ಳುತ್ತವೆ. ಚೀಲಕ್ಕಾದರೆ ಒಂದೇ ಬಾಯಿ. ಇಲ್ಲಿ ಪ್ರತಿ ನಾಳಕ್ಕೂ ಬೇರೆ ಬೇರೆ ಗಂಟು ಬೀಳುತ್ತದೆ ಎಂದರೆ ಇನ್ನೂ ಸರಿ. ಸ್ನಾಯು ಸಡಿಲವಾಗಿಯೇ ಉಳಿದರೆ ಯಾವ ಗಂಟೂ ಬೀಳದು. "ಕೆಟ್ಟ ರಕ್ತ, ಹೋಗಲಿ ಬಿಡು" ಎಂಬ ಸಮಾಧಾನ ಆಗ ಜೀವಕ್ಕೇ ಮುಳುವಾಗುತ್ತದೆ.

ರಕ್ತಸ್ರಾವವು ಅಪಾಯದ ಗೆರೆಯೆನಿಸುವ 500 ಮಿಲಿಲೀಟರ್ ದಾಟಿತೇ ಎಂಬುದನ್ನು ಕಣ್ಣಳತೆಯಿಂದ ಹೇಳಲಾಗದು. ಬೆಳಗಾವಿ ಜಿಲ್ಲೆಯಲ್ಲಿ ಈ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯ ಪ್ರಯೋಗಕ್ಕೆಂದು, ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲವನ್ನು ಬಾಣಂತಿಯ ಕೆಳಗೆ ಹಾಸಿ ರಕ್ತ ಅಳೆದರು. ಇಲ್ಲಿಯೇ ನಡೆದು 2006ರಲ್ಲಿ ಪ್ರಕಟವಾದ ಇನ್ನೊಂದು ಹೋಲಿಕೆಯಲ್ಲಿ ಕಣ್ಣಳತೆಯು ಚೀಲದ ಅಳತೆಗಿಂತ ಶೇ 33ರಷ್ಟು ಕಡಿಮೆ ತೋರಿಸಿತ್ತು.

ಆದರೆ ಚೀಲದ ಅಂಕಿ ತಾನಾಗಿ ಮಾತಾಡದು. ಕಂಡವರು ಬಾಯಿ ಬಿಡಬೇಕು, ಉಳಿದವರು ಕಿವಿಗೊಡಬೇಕು. 1977ರಲ್ಲಿ ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತಾಗ, ರನ್‌ವೇ ಖಾಲಿಯಾಗಿಲ್ಲವೇನೋ ಎಂಬ ಅನುಮಾನವನ್ನು ಕಿರಿಯನೊಬ್ಬ ಕಾಕ್‌ಪಿಟ್‌ನಲ್ಲಿಯೇ ಆಡಿದ್ದ. ಕ್ಯಾಪ್ಟನ್ ಅದನ್ನು ತಳ್ಳಿಹಾಕಿದ್ದ. ವಿಮಾನದವರು ಅಂಥ ಅಪಘಾತಗಳಿಂದ ಕಲಿತ ತಂಡದ ಅಭ್ಯಾಸವನ್ನು ಇಂಗ್ಲೆಂಡಿನ ಬ್ರಿಸ್ಟಲ್‌ನಂಥ ಕಡೆಗಳಲ್ಲಿ ಹೆರಿಗೆ ವಾರ್ಡಿಗೂ ಅಳವಡಿಸಿದರು: ವೈದ್ಯರು, ನರ್ಸುಗಳು, ಅರಿವಳಿಕೆಯವರು ಒಟ್ಟಿಗೇ ಕಲಿಯಬೇಕು.

ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಅಂಥದೊಂದು ಅಭ್ಯಾಸ ನೋಡಿದ್ದೇನೆ. ಸಿಸ್ಟರ್ ಒಬ್ಬರು ಬಾಣಂತಿಯ ಪಾತ್ರದಲ್ಲಿ ಮಲಗಿದ್ದರು. ಚೀಲಕ್ಕೆ ಕೆಂಪು ನೀರು ಇಳಿಯುತ್ತಿತ್ತು. "ಆಕ್ಸಿಟೋಸಿನ್ ಕೊಡ್ರಿ" ಎಂದು ವೈದ್ಯೆ ಯಾರನ್ನೂ ನೋಡದೆ ಹೇಳಿದರು. ಇಬ್ಬರು ನರ್ಸುಗಳು ಪರಸ್ಪರ ಮುಖ ನೋಡಿದರು. ಗರ್ಭಕೋಶವನ್ನು ಕುಗ್ಗಿಸುವ ಆ ಇಂಜೆಕ್ಷನ್ ಟ್ರೇಯಲ್ಲಿಯೇ ಉಳಿಯಿತು. ಎರಡನೆಯ ಸುತ್ತಿನಲ್ಲಿ ಹೆಸರು ಹಿಡಿದು ಹೇಳಿದ್ದಕ್ಕೆ ಮರುದನಿ ಬಂತು: "10 ಯೂನಿಟ್ ಕೊಟ್ಟೀನ್ರೀ ಮೇಡಂ, ಈಗ 4 ಗಂಟೆ 12 ನಿಮಿಷ." ಎರಡೂ ಸುತ್ತು ಕಾಲ್ದೆಸೆಯಲ್ಲಿ ಸುಮ್ಮನೆ ನಿಂತಿದ್ದ ಆಯಾ ಮೂರನೆಯ ಸುತ್ತಿನಲ್ಲಿ, ಯಾರೂ ಕೇಳುವ ಮೊದಲೇ ಬಗ್ಗಿ ನೋಡಿ ಕೂಗಿದಳು: "ಮೇಡಂ, ಐದುನೂರರ ಗೆರಿ ದಾಟೇತ್ರೀ."