ಡಯಾಫ್ರಾಮ್ ಬಲ: ಸ್ಕ್ರೀನ್ ಮೇಲೆ ಸೊನ್ನೆ ಯಾಕೆ?

ಕಟ್ಟಡದ ಲೆಕ್ಕ ಹಾಕುವ ಸಾಫ್ಟ್‌ವೇರ್ ಈಟ್ಯಾಬ್ಸ್‌ನಲ್ಲಿ ಭೂಕಂಪದ ಲೋಡ್ ಹಾಕಿ, ಮಾಡೆಲ್ ರನ್ ಮಾಡಿ, ಸ್ಲ್ಯಾಬ್‌ನ ಎಫ್11, ಎಫ್22 (ಸ್ಲ್ಯಾಬ್‌ನ ಸಮತಲದಲ್ಲಿ ಎರಡು ದಿಕ್ಕಿನ ಬಲಗಳು) ತೆಗೆದು ನೋಡಿದರೆ ಪೂರಾ ಸೊನ್ನೆ. ಮೊದಲ ಸಲ ಹೀಗಾದಾಗ ಲೋಡೇ ಹತ್ತಿಲ್ಲ ಅಂದುಕೊಂಡು ಅರ್ಧ ದಿನ ಲೋಡ್ ಕೇಸ್‌ಗಳನ್ನು ಜಾಲಾಡಿದ್ದೆ. ತಪ್ಪು ಅಲ್ಲಿರಲಿಲ್ಲ.

ಡಯಾಫ್ರಾಮ್ ಅಂದರೆ ಶಾಲೆಯಲ್ಲಿ ಓದಿದ ವಪೆ, ಎದೆ ಮತ್ತು ಹೊಟ್ಟೆಯ ನಡುವಿನ ಪರದೆ. ಕಟ್ಟಡದಲ್ಲಿ ಆ ಹೆಸರು ಮಹಡಿಯ ಸ್ಲ್ಯಾಬ್‌ಗೆ. ಸ್ಲ್ಯಾಬ್ ನಮ್ಮ ಭಾರ ಹೊರುತ್ತದೆ, ಅದು ಎಲ್ಲರಿಗೂ ಗೊತ್ತು. ಭೂಮಿ ಅಲುಗಿದಾಗ ಅದಕ್ಕೆ ಇನ್ನೊಂದು ಕೆಲಸ ಬೀಳುತ್ತದೆ: ಆ ಮಹಡಿಯ ತೂಕದಿಂದ ಹುಟ್ಟಿದ ಅಡ್ಡ ಬಲವನ್ನು ಶಿಯರ್ ವಾಲ್‌ಗಳಿಗೆ (ಅಡ್ಡ ಬಲ ತಡೆಯುವ ಕಾಂಕ್ರೀಟ್ ಗೋಡೆಗಳಿಗೆ), ಕಾಲಂಗಳಿಗೆ ಮುಟ್ಟಿಸುವುದು. ಆಗ ಸ್ಲ್ಯಾಬ್ ಅಂದರೆ ಮಗ್ಗುಲಿಗೆ ಮಲಗಿಸಿದ ಒಂದು ದೊಡ್ಡ ಬೀಮ್. ಎಳೆತ, ಒತ್ತಡ ತಿನ್ನುವ ಅದರ ಎರಡು ಅಂಚುಗಳಿಗೆ ಕಾರ್ಡ್ ಅನ್ನುತ್ತಾರೆ. ಬಲವನ್ನು ಒಟ್ಟು ಮಾಡಿ ಗೋಡೆವರೆಗೆ ಎಳೆದು ತರುವ ಭಾಗ ಕಲೆಕ್ಟರ್.

ಮತ್ತೆ ಸೊನ್ನೆ ಯಾಕೆ? ಸ್ಲ್ಯಾಬನ್ನು ನಾವು ರಿಜಿಡ್ (ಬಗ್ಗದ) ಡಯಾಫ್ರಾಮ್ ಅಂತ ಅಸೈನ್ ಮಾಡಿರುತ್ತೇವೆ. ಅಂದರೆ ಆ ಮಹಡಿಯ ಬಿಂದುಗಳೆಲ್ಲ ಒಟ್ಟಿಗೇ ಸರಿಯಬೇಕು, ಒಟ್ಟಿಗೇ ತಿರುಗಬೇಕು, ಒಂದಕ್ಕೊಂದು ದೂರ ಬದಲಾಗುವ ಹಾಗಿಲ್ಲ. ಹಿಗ್ಗದ, ಕುಗ್ಗದ ಸ್ಲ್ಯಾಬ್‌ನಲ್ಲಿ ಸ್ಟ್ರೇನ್, ಅಂದರೆ ಅಳತೆಯ ಬದಲಾವಣೆ, ಎಲ್ಲಿಂದ ಬರಬೇಕು? ಅದಿಲ್ಲದೆ ಸಾಫ್ಟ್‌ವೇರ್ ಬಲ ತೋರಿಸುವುದಿಲ್ಲ. ಅದೇ ಕಾರಣಕ್ಕೆ ಆ ಮಟ್ಟದ ಬೀಮ್‌ಗಳ ಆಕ್ಸಿಯಲ್ (ಉದ್ದಕ್ಕೆ ಎಳೆಯುವ, ಒತ್ತುವ) ಬಲವೂ ಸೊನ್ನೆ. ಬಲ ಇಲ್ಲ ಅಂತಲ್ಲ, ಅದನ್ನು ತೋರಿಸಬೇಡ ಅಂತ ನಾವೇ ಹೇಳಿದಂತೆ ಅಷ್ಟೇ.

ಎಷ್ಟಿರಬಹುದು? 40 ಮೀಟರ್ ಉದ್ದ, 15 ಮೀಟರ್ ಅಗಲದ ಮಹಡಿ, ಎರಡು ತುದಿಗೂ ಗೋಡೆ, ಅಡ್ಡ ಬಲ ಒಟ್ಟು 800 ಕಿಲೋನ್ಯೂಟನ್, ಅಂದರೆ ಮೀಟರಿಗೆ 20. ಸಿಂಪ್ಲಿ ಸಪೋರ್ಟೆಡ್ (ತುದಿಗಳಲ್ಲಿ ಸುಮ್ಮನೆ ಕೂರಿಸಿದ) ಬೀಮ್ ಲೆಕ್ಕದಲ್ಲಿ ಮೊಮೆಂಟ್, ಅಂದರೆ ಬಾಗಿಸುವ ಪರಿಣಾಮ, 4000 ಕಿಲೋನ್ಯೂಟನ್-ಮೀಟರ್. ಅದನ್ನು 15ರಿಂದ ಭಾಗಿಸಿದರೆ ಕಾರ್ಡ್ ಬಲ ಸುಮಾರು 267 ಕಿಲೋನ್ಯೂಟನ್. ಎರಡು 20 ಎಂಎಂ ಕಂಬಿ ಬೇಕಾಗುತ್ತದೆ, ಸುಮ್ನೆ ಬಿಡುವಂಥದ್ದಲ್ಲ ಅಲ್ವಾ? ತಮಾಷೆ ಅಂದರೆ ಉದ್ದ-ಅಗಲದ ಅನುಪಾತ 3ಕ್ಕಿಂತ ಕಡಿಮೆ ಇರುವುದರಿಂದ, ಭಾರತದ ಭೂಕಂಪ ವಿನ್ಯಾಸದ ಮಾನದಂಡ ಐಎಸ್ 1893ರ 2016ರ ಆವೃತ್ತಿಯ ಪ್ರಕಾರ ಇಂಥ ಮಾಮೂಲಿ ಕಾಂಕ್ರೀಟ್ ಮಹಡಿಯನ್ನು ರಿಜಿಡ್ ಅಂತ ಹಿಡಿಯಬಹುದು!

2011ರ ಫೆಬ್ರವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪಕ್ಕೆ ಸಿಟಿವಿ ಕಟ್ಟಡ ಕುಸಿದು 115 ಜನ ಸತ್ತರು. ಮಹಡಿಗಳು ಒಂದರ ಮೇಲೊಂದು ಬಿದ್ದಿದ್ದವು, ಉತ್ತರದ ಲಿಫ್ಟ್-ಮೆಟ್ಟಿಲಿನ ಗೋಡೆಗಳ ಗೂಡು ಮಾತ್ರ ನಿಂತೇ ಇತ್ತು. ಕಾಲಂಗಳ ದೋಷವೂ ಇತ್ತು ನಿಜ, ಆದರೆ ಸ್ಲ್ಯಾಬ್‌ಗಳನ್ನು ಆ ಗೂಡಿಗೆ ಗಟ್ಟಿಯಾಗಿ ಬೆಸೆದಿರಲಿಲ್ಲ ಅನ್ನುವುದೂ ತನಿಖೆಯಲ್ಲಿ ಹೊರಬಿತ್ತು.

ಬಲ ನೋಡಬೇಕಾದರೆ ಡಯಾಫ್ರಾಮನ್ನು ಸೆಮಿ-ರಿಜಿಡ್‌ಗೆ ಬದಲಿಸಿ ಮತ್ತೆ ರನ್ ಮಾಡಿ. ಆಗ ಸ್ಲ್ಯಾಬ್ ತನ್ನ ನಿಜವಾದ ಬಿಗುವಿನೊಂದಿಗೆ ಲೆಕ್ಕಕ್ಕೆ ಬರುತ್ತದೆ. ಎಫ್11, ಎಫ್22 ಎಳೆತ-ಒತ್ತಡ, ಎಫ್12 ಶಿಯರ್, ಎಲ್ಲ ಮೀಟರಿಗೆ ಇಷ್ಟು ಅಂತ. ಆದರೆ ಬಣ್ಣದ ಚಿತ್ರ ನೋಡಿ ನಂಬರ್ ಆರಿಸಬೇಡಿ, ಮೂಲೆಗಳಲ್ಲಿ ಅದು ಜಾಸ್ತಿ ಏರುತ್ತದೆ. ಗೋಡೆಯ ಪಕ್ಕ ಸೆಕ್ಷನ್ ಕಟ್ (ಸ್ಲ್ಯಾಬನ್ನು ಕತ್ತರಿಸಿದಂತೆ ಒಂದು ಗೆರೆ) ಎಳೆದು ಒಟ್ಟು ಬಲ ತೆಗೆಯಿರಿ. ರೆಸ್ಪಾನ್ಸ್ ಸ್ಪೆಕ್ಟ್ರಮ್ ಕೇಸ್ (ಕಟ್ಟಡ ಕಂಪಿಸುವ ಬೇರೆಬೇರೆ ಬಗೆಗಳ ಗರಿಷ್ಠ ಪರಿಣಾಮಗಳನ್ನು ಬೆರೆಸುವ ಲೆಕ್ಕ) ಆದರಂತೂ ಚಿಹ್ನೆಗಳೆಲ್ಲ ಕಳೆದುಹೋಗಿ ಎಲ್ಲವೂ ಪ್ಲಸ್ ಆಗಿರುತ್ತವೆ, ಆ ಅಂಕಿಗಳನ್ನು ಎಕ್ಸೆಲ್‌ನಲ್ಲಿ ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವೇ ಇಲ್ಲ.