ಕೆರ್ಯಾಗ ಹಕ್ಕಿ ಹೆಚ್ಚು ಕಂಡ್ರ ಸಂತತಿ ಬೆಳದಂಗೇನು?

ಚಳಿಗಾಲ ಬಂತಂದ್ರ ನಮ್ಮ ಗದಗ ಜಿಲ್ಲಾದಾಗ ಮಾಗಡಿ ಕೆರಿ ಸುದ್ದಿ ಶುರು, ಈ ವರ್ಷ ಹಕ್ಕಿ ಭಾಳ ಬಂದಾವಂತ, ಹೋದ ವರ್ಷ ಕಡಿಮಿ ಇದ್ವಂತ. 2024ರಾಗ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರೇತಿ ಈ ಕೆರಿ, ಖುಷಿನ ಬಿಡ್ರಿ. ಆದ್ರ ಇಲ್ಲಿ ಹಕ್ಕಿ ಹೆಚ್ಚು ಕಂಡ್ವು ಅಂತ ಅವುಗಳ ಸಂತತಿನ ಬೆಳದೈತಿ ಅನ್ನಾಕ ಬರಂಗಿಲ್ಲ. ಇಲ್ಲಿಗೆ ಬರೂ ಪಟ್ಟೆತಲೆ ಹೆಬ್ಬಾತು ಮೊಟ್ಟಿ ಇಡೂದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ, ಇಲ್ಲಿ ಹಗಲೆಲ್ಲಾ ನೀರಾಗ ಕುಂತು ಹೊತ್ತು ಮುಳುಗಿದ ಮ್ಯಾಲ ಸುತ್ತಲಿನ ಹೊಲಕ್ಕ ಮೇಯಾಕ ಹೋಗತಾವ, ಅಷ್ಟ. ಅಕ್ಕಪಕ್ಕದ ಕೆರಿ ಬತ್ತಿದ್ರ ಮಾಗಡ್ಯಾಗ ಸಂಖ್ಯೆ ಏರಬಹುದು, ಮಾಗಡಿನ ಬತ್ತಿದ್ರ ಒಂದೂ ಹಕ್ಕಿ ಸಾಯದನ ಲೆಕ್ಕ ಸೊನ್ನೆ ಆಗಬಹುದು.

ಯಾವ ಜೀವಿದ ಸಂಖ್ಯೆನ ಆಗಲಿ ಬದಲಾಗೂದು ಹುಟ್ಟು, ಸಾವು, ಹೊರಗಿಂದ ಬರೂದು, ಬಿಟ್ಟು ಹೋಗೂದು, ಈ ನಾಕರಿಂದನ. ಮಾಗಡ್ಯಾಗ ನಮಗ ಕಾಣೂದು ಹೆಚ್ಚಾಗಿ ಕಡೀ ಎರಡು.

ಹುಟ್ಟು-ಸಾವು ನೋಡಬೇಕಂದ್ರ ಕಡ್ಲಿ ಹೊಲದ ಬದುವಿಗೆ ಹೋಗ್ರಿ, ಇಲಿ ಬಿಲ ಸಿಗತಾವ. ಮೂರು ವಾರ ಗರ್ಭ ಇದ್ರ ಸಾಕು, ಒಮ್ಮೆಗೆ ಐದಾರು ಮರಿ. ಲೆಕ್ಕಕ್ಕ ಅಂತ ತಿಂಗಳಿಗೊಮ್ಮೆ ಡಬಲ್ ಆಗತಾವ ಅಂತ ಹಿಡಕೊಳ್ರಿ, ಎರಡಿದ್ದದ್ದು ವರ್ಷಕ್ಕ 8192! ಆದ್ರ ಹಂಗ ಆಗೂದಿಲ್ಲ, ಯಾಕಂದ್ರ ಸುಗ್ಗಿ ಮುಗದು ಕಾಳು ಖಾಲಿ, ಮ್ಯಾಲ ಗೂಗಿ, ಕೆಳಗ ಹಾವು, ಜಾಗಕ್ಕ ತಮ್ಮತಮ್ಮೊಳಗ ಜಗಳ, ಗುಂಪು ದಟ್ಟ ಆದಷ್ಟೂ ಬೆಳವಣಿಗಿಗೆ ಬ್ರೇಕ್ ಜೋರು ಬೀಳತೈತಿ. ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್ 1838ರಾಗನ ಇದಕ್ಕೊಂದು ಸಮೀಕರಣ ಬರದಿದ್ದ. ಒಂದು ಜಾಗ ಎಷ್ಟು ಜೀವ ಸಾಕಬಲ್ಲದು ಅನ್ನೂದಕ್ಕ ಧಾರಣಾ ಸಾಮರ್ಥ್ಯ ಅಂತಾರ, ಅದೂ ಖಾಯಂ ಅಲ್ಲ, ಮಳಿ ಛಲೋ ಆದ ವರ್ಷ ಒಂದು, ಬರಗಾಲದಾಗ ಇನ್ನೊಂದು.

ಹಾವೇರಿ ಜಿಲ್ಲಾದ ರಾಣೆಬೆನ್ನೂರು ಅಭಯಾರಣ್ಯ ನೋಡ್ರಿ, 1974ರಾಗ ಆದದ್ದು, 119 ಚದರ ಕಿಲೋಮೀಟರ್. ಅಲ್ಲಿದ್ದ ಚಿಗರಿ (ಕೃಷ್ಣಮೃಗ) ಎಣಿಸಿ 119ಕ್ಕ ಭಾಗಿಸಿದ್ರ ಸಾಂದ್ರತೆ, ಅಂದ್ರ ಒಂದು ಚದರ ಕಿಲೋಮೀಟರಿಗೆ ಎಷ್ಟು ಅನ್ನೂದು, ಸಿಗತೈತಿ, ಪೇಪರ್ ಮ್ಯಾಲ. ಚಿಗರಿಗೆ ಬೇಕಾದ್ದು ಬಯಲು ಹುಲ್ಲುಗಾವಲು, ನಾವು ಅಲ್ಲಿ ನೀಲಗಿರಿ ಹಚ್ಚಿ ಕುಂತೀವಿ. ಹಂಗಾಗಿ ಇರೂ ಬಯಲಿನಾಗನ ಅವು ಗುಂಪಾಗತಾವ, ಹುಲ್ಲು ಸಾಲದಿದ್ರ ಹೊಲಕ್ಕ ನುಗ್ಗತಾವ. ಸರಾಸರಿ ಕಡಿಮಿ ಐತಿ ಅಂತ ರೈತರಿಗೆ ಹೇಳಿದ್ರ ಅವರಿಗೆ ಸಿಟ್ಟು ಬರೂದು ನ್ಯಾಯನ.

ಇದ ಅಭಯಾರಣ್ಯದಾಗ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿನೂ ಇತ್ತು, ಈಗ ಅದನ್ನ ಅಲ್ಲಿ ಮರೀಬೇಕು. ಸಾಮಾನ್ಯವಾಗಿ ಸಲಕ್ಕ ಒಂದ ಮೊಟ್ಟಿ ಇಡೂ ಹಕ್ಕಿ ಅದು, ಇಲಿಯಂಗ ಕಳಕೊಂಡದ್ದನ್ನ ತುಂಬಿಕೊಳ್ಳಾಕ ಆಗಂಗಿಲ್ಲ. ಅದರಾಗ ಸಂಖ್ಯೆ ತೀರಾ ಇಳದ್ರ ಗಂಡಿಗೆ ಹೆಣ್ಣು ಸಿಗೂದ ಕಷ್ಟ, ಹುಟ್ಟು ಇನ್ನೂ ಕಡಿಮಿ ಆಗತೈತಿ, ಇದನ್ನ ಅಲೀ ಪರಿಣಾಮ ಅಂತಾರ. ದಟ್ಟಣೆ ಇಳದ್ರ ಬೆಳವಣಿಗಿ ಚುರುಕಾಗತೈತಿ ಅನ್ನೂ ನಂಬಿಗಿ ಇಲ್ಲಿ ಉಲ್ಟಾ ಹೊಡೀತೈತಿ. ಅದಕ್ಕನ ಜೈಸಲ್ಮೇರ್ ಕಡೆ 2019ರಿಂದ ಕಾಡಿನ ಮೊಟ್ಟಿ ತಂದು ಮಷೀನಿನಾಗ ಕಾವು ಕೊಡಾಕತ್ತಾರ, 2024ರಾಗ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟೈತಿ.