ಸಾಗಣೆ ಲೆಕ್ಕಕ್ಕೆ ಸಿಕ್ಕಿಬಿದ್ದ ವಿಸ್ಕಿ ಕೂಟ

ಲೆಕ್ಕ ಪರಿಶೋಧನೆ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಹೇಳುವುದಿಷ್ಟು: ಒಂದೇ ಕೈ ಬರೆದ ಎರಡು ಪುಸ್ತಕ ತಾಳೆಯಾದರೆ ಏನೂ ಸಾಬೀತಾಗುವುದಿಲ್ಲ. ಇದಕ್ಕೆ ಅಮೆರಿಕದ 'ವಿಸ್ಕಿ ರಿಂಗ್' ಪ್ರಕರಣಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

1870ರ ದಶಕದ ಆರಂಭದಲ್ಲಿ ಅಲ್ಲಿ ಒಂದು ಗ್ಯಾಲನ್ ವಿಸ್ಕಿಗೆ 70 ಸೆಂಟ್ ತೆರಿಗೆ ಇತ್ತು. ಸೇಂಟ್ ಲೂಯಿಸ್, ಮಿಲ್ವಾಕಿ, ಚಿಕಾಗೋದ ಹಲವು ಭಟ್ಟಿ ಮಾಲೀಕರು ತಯಾರಿಸಿದ್ದರಲ್ಲಿ ಒಂದಷ್ಟಕ್ಕೆ ಮಾತ್ರ ತೆರಿಗೆ ಕಟ್ಟುತ್ತಿದ್ದರು. ಉಳಿಸಿದ ಹಣವನ್ನು ಅಧಿಕಾರಿಗಳ ಜೊತೆ ಹಂಚಿಕೊಳ್ಳುತ್ತಿದ್ದರು.

ಕಾನೂನು ಸಡಿಲವಾಗಿತ್ತು ಅಂದುಕೊಳ್ಳಬೇಡಿ. ಭಟ್ಟಿಯ ಉಗ್ರಾಣ ಕಾಯಲು ಸರ್ಕಾರಿ ನೌಕರ, ಪೀಪಾಯಿ ಅಳೆಯಲು ಇನ್ನೊಬ್ಬ, ಪೀಪಾಯಿಯ ಮೇಲೆ ತೆರಿಗೆ ಸ್ಟ್ಯಾಂಪ್. ಹಾಗಾಗಿ ಒಬ್ಬರಿಗೆ ಲಂಚ ಕೊಟ್ಟರೆ ಸಾಲುತ್ತಿರಲಿಲ್ಲ. ಹಳೆಯ ಸ್ಟ್ಯಾಂಪನ್ನೇ ಮತ್ತೆ ಅಂಟಿಸಬೇಕಾದರೆ, ಅದನ್ನು ರದ್ದು ಮಾಡಬೇಕಾದವರೂ ಒಪ್ಪಬೇಕಲ್ವಾ? ಕೆಳಗಿನಿಂದ ಮೇಲಿನವರೆಗೂ ಕೈಗಳು ಸೇರಿದ್ದವು. ಸೇಂಟ್ ಲೂಯಿಸ್ ಕೂಟದ ಮುಖ್ಯಸ್ಥ ಜಾನ್ ಮೆಕ್‌ಡೊನಾಲ್ಡ್ ಸ್ವತಃ ತೆರಿಗೆ ಇಲಾಖೆಯ ಮೇಲ್ವಿಚಾರಕ. ಒಂದು ಪಾಲು ಚುನಾವಣೆ ಖರ್ಚಿಗೂ ಹೋಗುತ್ತಿತ್ತು. ವಾಷಿಂಗ್ಟನ್‌ನಿಂದ ತಪಾಸಣೆಗೆ ಹೊರಟರೆ ಸುದ್ದಿ ಮೊದಲೇ ಮುಟ್ಟುತ್ತಿತ್ತು.

1874ರಲ್ಲಿ ಖಜಾನೆ ಕಾರ್ಯದರ್ಶಿಯಾದ (ನಮ್ಮಲ್ಲಿನ ಹಣಕಾಸು ಮಂತ್ರಿಯಂಥ ಹುದ್ದೆ) ಬೆಂಜಮಿನ್ ಬ್ರಿಸ್ಟೋ ತಮ್ಮ ಇಲಾಖೆಯ ಕಾಗದಗಳನ್ನು ನಂಬಲಿಲ್ಲ. ಮೈರನ್ ಕಾಲನಿ ಎಂಬ ಪತ್ರಕರ್ತ ಅವರಿಗಾಗಿ ಗುಟ್ಟಾಗಿ ಸೇಂಟ್ ಲೂಯಿಸ್‌ನಿಂದ ಎಷ್ಟು ವಿಸ್ಕಿ ಹೊರಗೆ ಹೋಗಿದೆ ಎಂಬ ಸಾಗಣೆ ಲೆಕ್ಕ ಕಲೆಹಾಕಿದರು. ವ್ಯಾಪಾರದ ಅಂಕಿಅಂಶ ಬರೆದುಕೊಳ್ಳುವವರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ತೆರಿಗೆ ಕಟ್ಟಿದ ಗ್ಯಾಲನ್‌ಗಿಂತ ಸಾಗಿಸಿದ ಗ್ಯಾಲನ್ ತುಂಬಾ ಜಾಸ್ತಿ ಇತ್ತು. ಸಾಗಣೆಯ ಲೆಕ್ಕ ಬರೆದವರು ಕೂಟದವರಲ್ಲ. ಇಡೀ ಪ್ರಕರಣ ನಿಂತಿದ್ದು ಈ ಒಂದು ಅಂಶದ ಮೇಲೆ.

1875ರ ಮೇ 10ರಂದು ದಾಳಿ ನಡೆಯಿತು. 238 ಜನರ ಮೇಲೆ ದೋಷಾರೋಪ, 110 ಜನರಿಗೆ ಶಿಕ್ಷೆ, 30 ಲಕ್ಷ ಡಾಲರಿಗೂ ಹೆಚ್ಚು ವಸೂಲಿ.

ತಪ್ಪಿತಸ್ಥರು ಯಾರೂ ತಪ್ಪಿಸಿಕೊಳ್ಳಬಾರದು ಎಂದು ಅಧ್ಯಕ್ಷ ಗ್ರ್ಯಾಂಟ್ ಬರೆದಿದ್ದರು. ಆರೋಪ ಅವರ ಖಾಸಗಿ ಕಾರ್ಯದರ್ಶಿ ಆರ್ವಿಲ್ ಬ್ಯಾಬ್‌ಕಾಕ್ ಬಾಗಿಲಿಗೆ ಬಂದಾಗ ಗಾಳಿ ಬದಲಾಯಿತು. ಕೂಟದ ವಿರುದ್ಧ ಸರ್ಕಾರದ ಪರ ವಾದಿಸುತ್ತಿದ್ದ ವಿಶೇಷ ವಕೀಲ ಜಾನ್ ಹೆಂಡರ್ಸನ್ ಅವರನ್ನು ಗ್ರ್ಯಾಂಟ್ ತೆಗೆದುಹಾಕಿದರು. ಸಾಕ್ಷಿ ಹೇಳುವ ಸಹ ಆರೋಪಿಗಳಿಗೆ ರಿಯಾಯಿತಿ ಕೊಡಬೇಡಿ ಎಂದು ಸರ್ಕಾರಿ ವಕೀಲರಿಗೆ ಪತ್ರ ಹೋಯಿತು. ನನ್ನ ಅನುಭವದಲ್ಲಿ ತನಿಖೆಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಅಂಕಿಗಳು ಕಳ್ಳತನ ನಡೆದಿದೆ ಎನ್ನುತ್ತವೆ, ಯಾರು ಹೇಳಿ ಮಾಡಿಸಿದರು ಎನ್ನಲು ಒಳಗಿನವರೇ ಬಾಯಿ ಬಿಡಬೇಕು. 1876ರ ಫೆಬ್ರವರಿಯಲ್ಲಿ ಗ್ರ್ಯಾಂಟ್ ಬ್ಯಾಬ್‌ಕಾಕ್ ಪರ ಲಿಖಿತ ಸಾಕ್ಷ್ಯ ಕೊಟ್ಟರು, ಬ್ಯಾಬ್‌ಕಾಕ್ ಖುಲಾಸೆಯಾದರು. ಜೂನ್‌ನಲ್ಲಿ ಬ್ರಿಸ್ಟೋ ರಾಜೀನಾಮೆ ಕೊಟ್ಟು ಹೊರನಡೆದರು.